ಬಾಂಡ್ಲಿ ಇಳಿಸು ಅಂದರು

3 ಮೇ 1939, ಬುಧವಾರ

ಬೆಳಿಗ್ಗೆ ಎಂಟು ಕೊಡ ನೀರು ಸೇದಿದೆ. ಏಳಕ್ಕೆ ಕಾಫಿ, ಎಂಟಕ್ಕೆ ಅಕ್ಕಿರೊಟ್ಟಿ, ಎಂಟೂವರೆಗೆ ಇವರ ಸೈಕಲ್ಲು ಗೇಟು ದಾಟಿತು. "ಬರ್ತೀನಿ" ಅಂದರು. ದಿನಕ್ಕೆ ನನ್ನ ಪಾಲಿಗೆ ಹತ್ತು ಮಾತು. ಅದರಲ್ಲಿ ಒಂದು ಮುಗಿಯಿತು.

ಅಮೆರಿಕದಲ್ಲಿ ಮೂರು ವರ್ಷ ಸಕ್ಕರೆ ಓದಿ ಬಂದವರು. ನನಗೆ ಹದಿನಾರು ತುಂಬಿದ ವರ್ಷ ಮದುವೆ, ಎಂಟನೇ ದಿನಕ್ಕೆ ಹಡಗು ಹತ್ತಿದರು. ಹೋದ ದೀಪಾವಳಿಗೆ ಬಂದರು. ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಮಂಡ್ಯಕ್ಕೆ, ಸಕ್ಕರೆ ಫ್ಯಾಕ್ಟರಿಯ ಈ ಕ್ವಾರ್ಟರ್ಸಿಗೆ ಕರೆತಂದರು. ಎಲ್ಲ ತಂದಿದ್ದಾರೆ — ಟ್ರಂಕು, ಕೋಟು, ಗೋಡೆಗೊಂದು ಗಡಿಯಾರ. ಮಾತು ಮಾತ್ರ ಅಲ್ಲೇ ಬಿಟ್ಟು ಬಂದಿದ್ದಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಉಪ್ಪು ಕಮ್ಮಿ ಅಂತಲೂ ಅನ್ನುವುದಿಲ್ಲ. ಆತಗೂರಿನಲ್ಲಿ ಅಪ್ಪ ಅವ್ವ ಬೆಳಗಾದರೆ ಜಗಳ ಶುರು ಮಾಡುತ್ತಿದ್ದರು. ಅದೇ ವಾಸಿ. ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತಿತ್ತು.

ಇಂಗ್ಲಿಷ್ ಅಕ್ಷರ ತಿದ್ದು ಅಂತ ಲ್ಯಾಬಿನ ಈ ಹಳೆ ನೋಟ್‌ಬುಕ್ ಕೊಟ್ಟರು. ಎ ಬಿ ಸಿ ಡಿ ನಾಲ್ಕು ಹಾಳೆ ತಿದ್ದಿದೆ. ಆಮೇಲೆ ಪೂರ್ತಿ ನನ್ನ ಕನ್ನಡ. ಲೋಯರ್ ಸೆಕೆಂಡರಿ ಪಾಸಾದ ಕೈ, ಸುಮ್ಮನೆ ಇರಲ್ಲ. ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತೇನೆ.

ಇವತ್ತು ಇವರ ಉಣ್ಣೆ ಕೋಟು ಬಿಸಿಲಿಗೆ ಹಾಕೋಣ ಅಂತ ಟ್ರಂಕಿನಿಂದ ತೆಗೆದೆ. ಒಳಜೇಬಿನಲ್ಲಿ ದಪ್ಪ ಕಾಗದದ ಒಂದು ಕಾರ್ಡು. ತುಂಬ ಇಂಗ್ಲಿಷು. ಮೂಲೆಯಲ್ಲಿ ಎಣ್ಣೆ ಕಲೆ. ಕೊನೆಯಲ್ಲಿ ಒಂದು ಹೆಸರು, ಅದರ ಕೆಳಗೆ ಒಂದು ಹೂವಿನ ಚಿತ್ರ. ಹೂವು ಬರೆಯೋದು ಗಂಡಸಲ್ಲ.

ಕೋಟು ಮಡಿಸಿ ಇಟ್ಟೆ. ಕಾರ್ಡು ಇಡಲಿಲ್ಲ.

5 ಮೇ, ಶುಕ್ರವಾರ

ಎರಡು ದಿನ ಅನ್ನ ಸೇರಲಿಲ್ಲ. ಓದಿಸುವುದು ಯಾರ ಹತ್ತಿರ? ಕೊನೆಗೆ ಹಿತ್ತಲ ಬೇಲಿಯಾಚೆ ಸುಲ್ತಾನ್ ಬೀ ಮನೆಗೆ ಹೋದೆ. ಅವಳ ಗಂಡ ದಸ್ತಗೀರ್ ಸಾಬರು ಗೆಸ್ಟ್ ಹೌಸಿನ ಬಟ್ಲರು. ಮೊದಲು ಮಳವಳ್ಳಿ ಕಡೆ, ಶಿವನಸಮುದ್ರದ ಬ್ಲಫ್ ಅನ್ನುವ ಜಾಗದಲ್ಲಿ ಯಾರೋ ಬಿಳಿ ದೊರೆಗೆ ಅಡಿಗೆ ಮಾಡುತ್ತಿದ್ದರಂತೆ. ಅಡಿಗೆಮನೆಗೆ ಬೇಕಾದಷ್ಟು ಇಂಗ್ಲಿಷು ಬರುತ್ತದೆ.

ಸಾಬರು ಕಾರ್ಡು ಕಣ್ಣಿನ ಹತ್ತಿರ ಹಿಡಿದರು. ದೂರ ಹಿಡಿದರು.

"ಇದು ಲೆಟ್ರಲ್ಲ ಕಣಮ್ಮ, ಅಡಿಗೆ ಚೀಟಿ! ಫ್ಲೋರು, ಅಂದ್ರೆ ಮೈದಾ, ಮೂರೂವರೆ ಕಪ್ಪು, ಎಗ್ಗು ಎರಡು, ಬಟರ್ ಮಿಲ್ಕು, ಜಾಯಿಕಾಯಿ... ಡೋನಟ್ಟು! ಬ್ಲಫ್ನಾಗೆ ದೊರೆಸಾನಿ ಮಾಡ್ಸ್ತಿದ್ಲು. ವಡೆ ಅಂಗೆ ನಡುವೆ ತೂತು, ಒಳ್ಗಡೆ ಕೇಕು."

"ಕೊನೆಯಲ್ಲಿ ಏನಿದೆ ಸಾಬರೆ?"

ಗಡ್ಡ ಕೆರೆದುಕೊಂಡರು. ಸುಲ್ತಾನ್ ಬೀ ಗದರಿದಳು. "ಯೋಳ್ರೀ, ಗಡ್ಡ ಏನ್ ಓಡೋಯ್ತದಾ?"

"ವಿತ್ ಲವ್, ಅಗ್ನೆಸ್... ಲವ್ ಅಂದ್ರೆ ಪ್ರೀತಿ ಕಣಮ್ಮ. ಅಂಗಂತ ಎದೆ ಒಡ್ಕಬೇಡ. ಆ ಜನ ಗಂಡಂಗೂ ಅದೇ ಅಂತಾರೆ, ನಾಯಿಗೂ ಅದೇ ಅಂತಾರೆ."

ಮನೆಗೆ ಬಂದು ಅತ್ತೆ. ಆಮೇಲೆ ಕೋಪ ಬಂತು. ಕೋಪವೇ ವಾಸಿ, ಕೈಕಾಲು ಆಡುತ್ತದೆ. ಹೋದ ತಿಂಗಳು ಕೋಡುಬಳೆ ಕೊಟ್ಟಾಗ ಇವರು ಅದನ್ನು ಕೈಯಲ್ಲಿ ತಿರುಗಿಸುತ್ತ, "ಅಲ್ಲಿ ಶನಿವಾರ ಬೆಳಿಗ್ಗೆ ಡೋನಟ್ ಮಾಡ್ತಿದ್ರು" ಅಂದಿದ್ದರು. ಅವತ್ತು ಹತ್ತರ ಮೇಲೆ ಮಾತು ಬಂತಲ್ಲ ಅಂತ ಎಷ್ಟು ಹಿಗ್ಗಿದ್ದೆ! ಆ ಮಾತೂ ಅವಳದೇ.

ಇವರು ಒಂದು ದಿನ ನನ್ನನ್ನು ಬಿಟ್ಟು ಹಡಗು ಹತ್ತಿಬಿಟ್ಟರೆ? ಇಲ್ಲ, ನನ್ನನ್ನೇ ಆತಗೂರಿಗೆ ಕಳಿಸಿಬಿಟ್ಟರೆ? ಇದೊಂದೇ ಯೋಚನೆ. ಇರಲಿ. ಅವಳ ಕೈಯಡುಗೆ ನನ್ನ ಕೈಗೂ ಬರಲಿ. ಆಮೇಲೆ ನೋಡೋಣ, ಅವಳಿಗೆ ಇರೋದೇನು, ನನಗೆ ಇಲ್ಲದೆ ಇರೋದೇನು ಅಂತ.

9 ಮೇ, ಮಂಗಳವಾರ

ಸೆಟ್ಟರ ಅಂಗಡಿಯಿಂದ ಮೈದಾ. ಸುಲ್ತಾನ್ ಬೀ ಕೋಳಿ ಮೊಟ್ಟೆ. ಸಕ್ಕರೆಗೇನು, ಮಂಡ್ಯದಲ್ಲಿ ಗಾಳಿಯೂ ಸಿಹಿ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದೆ. ಸಾಬರು ಬೇಲಿಯಾಚೆ ನಿಂತು ಕಾರ್ಡು ಓದುವುದು, ನಾನು ಈಚೆ ಮಾಡುವುದು.

ಓದಿ ಮುಗಿಸುವ ಮೊದಲೇ ಗೆಸ್ಟ್ ಹೌಸಿಂದ ಕರೆ ಬಂತು, ಹೋದರು. ಹಿಟ್ಟು ಅಂದಮೇಲೆ ನಾದಬೇಕಲ್ಲ. ಹೋಳಿಗೆ ಕಣಕ ನಾದಿದ ಹಾಗೆ ನಾದಿದೆ. ಅಗ್ನೆಸ್ ಅಂತ ಒಂದು ಗುದ್ದು, ಲವ್ ಅಂತ ಒಂದು ಗುದ್ದು. ಲೋಟದ ಬಾಯಿಂದ ಒತ್ತಿ, ಔಷಧಿ ಸೀಸೆಯ ಮುಚ್ಚಳದಿಂದ ನಡುವೆ ತೂತು ಮಾಡಿ, ಎಣ್ಣೆಗೆ ಬಿಟ್ಟೆ. ಬೆಂದು ಬಂದದ್ದು ಗಾಡಿ ಚಕ್ರ. ಬೀದಿ ನಾಯಿ ಮೂಸಿತು, ಹೋಯಿತು.

ಸಾಬರು ವಾಪಸು ಬಂದು ಒಂದನ್ನು ಕಲ್ಲಿಗೆ ತಟ್ಟಿ ನೋಡಿದರು. "ಇಟ್ಟಿನ ಮ್ಯಾಲೆ ಯಾತರ ದ್ವೇಸ ಕಣಮ್ಮ? ಇದ್ನ ನಾದಂಗಿಲ್ಲ. ಸುಮ್ಕೆ ಒಂದು ಮಾಡ್ಬುಟ್ಟು ಬುಟ್ಬುಡಬೇಕು."

ಸಂಜೆ ಇವರು ಬಾಗಿಲಲ್ಲೇ ನಿಂತು ಮೂಗರಳಿಸಿದರು. "ಏನು ವಾಸನೆ?"

"ಹಪ್ಪಳ ಕರೆದೆ. ನಿಮ್ಮ ಟ್ರಂಕು ನಾನು ಮುಟ್ಟಿಲ್ಲ" ಅಂದೆ. ಟ್ರಂಕಿನ ವಿಷಯ ಯಾರು ಕೇಳಿದ್ದರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ನನ್ನ ಮುಖ ನೋಡಿ ಒಳಗೆ ಹೋದರು.

13 ಮೇ, ಶನಿವಾರ

ನಾದಲಿಲ್ಲ. ಮಜ್ಜಿಗೆ ಹಾಕಿದೆ — ನಮ್ಮ ಮಜ್ಜಿಗೆ, ಬೆಣ್ಣೆ ತೆಗೆದು ಕೊಡಕ್ಕೆ ಕೊಡ ನೀರು ಬೆರೆಸುವ ಮಜ್ಜಿಗೆ. ಹಿಟ್ಟು ಹರಿಯಿತು. ಎಣ್ಣೆಗೆ ಬಿಟ್ಟರೆ ಚೂರುಚೂರಾಗಿ ತೇಲಿತು, ಬಾಂಡ್ಲಿ ತುಂಬ ಬೂಂದಿ. ಕಡಲೆಕಾಯಿ ಎಣ್ಣೆಯೆಲ್ಲ ಹಾಳು. ಕೈ ಮೇಲೆ ಎರಡು ಬೊಬ್ಬೆ.

"ಆ ದೇಸದ ಮಜ್ಗೆ ಗಟ್ಟಿ ಕಣಮ್ಮ" ಅಂದರು ಸಾಬರು. "ಉಳಿ ಮೊಸ್ರನ್ನೇ ಕಡ್ದು ಆಕು. ಕಲ್ಸಿದ್ ಮ್ಯಾಲೆ ಒದ್ದೆ ಬಟ್ಟೆ ಮುಚ್ಚಿ ತಣ್ಣಗೆ ಇಕ್ಕು. ಅರ್ಧ ಗಂಟೆ ಅತ್ಲಾಗಿ ತಿರುಗ್ಬೇಡ."

ಇವರು ಊಟದಲ್ಲಿ ನನ್ನ ಬೊಬ್ಬೆ ನೋಡಿದರು. ಬಾಯಿ ತೆರೆದರು. ಮುಚ್ಚಿದರು. ಏನು ಕೇಳುವುದಕ್ಕಿದ್ದರೋ. ರಾತ್ರಿಯೆಲ್ಲ ಅದೇ ಲೆಕ್ಕ ಹಾಕಿದೆ — ಕೈ ಸುಟ್ಟಿತಾ ಅಂತಲೋ, ಕಾರ್ಡು ಎಲ್ಲಿ ಅಂತಲೋ.

20 ಮೇ, ಶನಿವಾರ

ಬಂತು!

ಮೊಟ್ಟೆ ಸಕ್ಕರೆ ಕಡೆದು, ಕರಗಿದ ಬೆಣ್ಣೆ, ಹುಳಿ ಮೊಸರು. ಮೈದಾಕ್ಕೆ ಸೋಡ, ಉಪ್ಪು, ತೇದ ಜಾಯಿಕಾಯಿ. ಎರಡನ್ನೂ ಸೇರಿಸಿ ಬೆರಳ ತುದಿಯಲ್ಲಿ ಒಂದು ಮಾಡಿದೆ ಅಷ್ಟೇ. ಕೈಗೆ ಅಂಟುತ್ತದೆ, ಅಂಟಲಿ. ಒದ್ದೆ ಬಟ್ಟೆ. ಅರ್ಧ ಗಂಟೆ. ಅರ್ಧ ಬೆರಳು ದಪ್ಪ ತಟ್ಟಿ ಒತ್ತಿದೆ. ಚೂರು ಹಿಟ್ಟು ಹಾಕಿ ಎಣ್ಣೆ ನೋಡಿದೆ. ತಳಕ್ಕೆ ಹೋಗಿ, ಯೋಚನೆ ಮಾಡಿ, ಮೇಲೆ ಬಂದರೆ ಹದ. ಹಿಟ್ಟಿನ ಬಳೆ ಮುಳುಗಿತು, ಎದ್ದಿತು, ಉಬ್ಬಿತು, ಬೆನ್ನ ಮೇಲೆ ಸುತ್ತ ಬಿರುಕು ಬಿಟ್ಟಿತು. ಬಿರುಕು ಬಿಟ್ಟಾಗಲೇ ಮಗುಚಬೇಕು, ಒಂದೇ ಸಲ. ಬಿಸಿ ಇರುವಾಗಲೇ ಸಕ್ಕರೆಯಲ್ಲಿ ಹೊರಳಿಸಿದೆ.

ಸಾಬರು ಬೇಲಿ ಮೇಲಿಂದ ಕೈ ಚಾಚಿ ಒಂದು ತೆಗೆದುಕೊಂಡರು. ಕಣ್ಣು ಮುಚ್ಚಿದರು. "ವಾರೆವ್ವಾ. ದೊರೆಸಾನಿ ಸೋತ್ಲು."

ನಾನೂ ತಿಂದೆ. ಹೊರಗೆ ಗರಿ, ಒಳಗೆ ಮೆತ್ತಗೆ, ಜಾಯಿಕಾಯಿ ಘಮ. ಒಳ್ಳೆಯ ಕೈ ಅವಳದು. ಅದೇ ಹೊಟ್ಟೆಕಿಚ್ಚು. ಇಂಥದ್ದು ಮಾಡಿ ಹಾಕಿದವಳನ್ನು ಯಾರು ಮರೆಯುತ್ತಾರೆ?

ಗುರುವಾರ ಇವರು ನಾಲ್ಕಕ್ಕೇ ಬರುತ್ತಾರೆ. ಅವತ್ತು ಬಿಸಿಬಿಸಿ ತಟ್ಟೆಗೆ ಹಾಕುತ್ತೇನೆ. ತಿಂದು ಏನು ಅನ್ನುತ್ತಾರೋ ಅದರ ಮೇಲೆ ನನ್ನ ಬಾಳು.

25 ಮೇ, ಗುರುವಾರ, ಸಂಜೆ

ಹೇಗೆ ಬರೆಯಲಿ.

ನಾಲ್ಕಕ್ಕೆ ಸೈಕಲ್ಲು ಸದ್ದು. ಇವತ್ತು ಹಿತ್ತಲಲ್ಲಲ್ಲ, ಒಳಗೇ, ಅಡಿಗೆಮನೆಯ ಒಲೆ ಮೇಲೇ ಬಾಂಡ್ಲಿ. ಆರು ಆಗಿದ್ದವು. ಏಳನೆಯದು ಎಣ್ಣೆಯಲ್ಲಿತ್ತು. ತಲೆ ಬಾಚಿ, ಹೂ ಮುಡಿದು, ಹಸಿರು ಸೀರೆ ಉಟ್ಟಿದ್ದೆ.

ಇವರು ಬಾಗಿಲಲ್ಲಿ ನಿಂತರು. ಷರಟಿನ ಜೇಬಿನಲ್ಲಿ ಒಂದು ಲಕೋಟೆ, ಅಮೆರಿಕದ ಸ್ಟಾಂಪು. ತಟ್ಟೆ ನೋಡಿದರು. ಮುಖ ಸುಣ್ಣವಾಯಿತು.

"ಬಾಂಡ್ಲಿ ಇಳಿಸು."

"ಡೋನಟ್ ಅಂತ... ನಿಮಗೆ ಅಂತ..."

"ಇಳಿಸು ಅಂದೆ."

ನಾನು ಸೌಟು ಹಿಡಿದು ನಿಂತೇ ಇದ್ದೆ. ತಾವೇ ಬರಿಗೈಯಲ್ಲಿ ಬಾಂಡ್ಲಿ ಹಿಡಿದು ಇಳಿಸಿದರು. ಒಲೆಗೆ ನೀರು ಹುಯ್ದರು. ನೇರ ಬಾವಿಗೆ ಹೋಗಿ, ಉಟ್ಟ ಬಟ್ಟೆಯಲ್ಲೇ ತಲೆ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಂಡರು. ನನ್ನನ್ನು ಮುಟ್ಟಿಯೂ ಇಲ್ಲ, ನೋಡಿದ್ದಕ್ಕೇ ಇಷ್ಟು ಮೈಲಿಗೆಯೇ?

ಒದ್ದೆ ತಲೆಯಲ್ಲೇ ಬಂದು ಹೇಳಿದರು. "ಈ ಮನೇಲಿ ಬಾಂಡ್ಲಿ ಇಡಬೇಡ. ನಿನ್ನ ತಮ್ಮನಿಗೆ ಕಾಗದ ಹಾಕ್ತೀನಿ. ಸ್ವಲ್ಪ ದಿನ ಆತಗೂರಲ್ಲಿ ಇದ್ದು ಬಾ."

"ಎಷ್ಟು ದಿನ?"

"ನೋಡೋಣ."

ಆಷಾಢಕ್ಕಾದರೆ ಹೆಣ್ಣು ತವರಿಗೆ ಹೋಗುವುದಕ್ಕೆ ಒಂದು ನೆಪ ಇದೆ. ಆಷಾಢಕ್ಕೆ ಇನ್ನೂ ಮೂರು ವಾರ. ಈಗ ಹೋದರೆ ಊರು ಕೇಳುತ್ತದೆ, ಯಾಕೆ ಬಿಟ್ಟ ಅಂತ. ಏನು ಹೇಳಲಿ? ಸಿಹಿ ಮಾಡಿಕೊಟ್ಟೆ, ಅದಕ್ಕೆ ಬಿಟ್ಟ ಅಂತಲೇ?

ಕದ್ದ ಕಾರ್ಡಿಗೆ ಇದು ಶಿಕ್ಷೆ. ಕಾರ್ಡನ್ನು ಕೋಟಿನ ಜೇಬಿಗೇ ಹಾಕಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

27 ಮೇ, ಶನಿವಾರ

ಹಾಸಿಗೆ ಬಿಟ್ಟಿದ್ದಾರೆ. ನಡುಮನೆಯಲ್ಲಿ ಬರೀ ಚಾಪೆ. ಒಂದೇ ಹೊತ್ತು ಊಟ. ಸಾರಿಗೆ ಒಗ್ಗರಣೆ ಹಾಕಲು ಹೋದರೆ "ಬೇಡ" ಅಂದರು. ಎಲೆಅಡಿಕೆ ಇಟ್ಟ ತಟ್ಟೆ ಹಾಗೇ ಇದೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಶೀಟಿ ಊದುತ್ತ ಗಡ್ಡ ಬೋಳಿಸುವವರು, ಎರಡು ದಿನದಿಂದ ಆ ಪೆಟ್ಟಿಗೆ ತೆಗೆದಿಲ್ಲ. ನನಗೆ ಚೆಂದ ಕಾಣಬೇಕು ಅನ್ನುವ ಆಸೆಯೂ ಹೋಯಿತು ಅಂದುಕೊಂಡೆ.

ಕಣ್ಣು ಕೆಂಪಗಿವೆ. ಆ ಲಕೋಟೆ ದಿಂಬಿನ ಕೆಳಗೆ.

ಸುಲ್ತಾನ್ ಬೀ ಅಂದಳು: "ಬಾಯ್ಬುಟ್ಟು ಕೇಳೇ. ಕೇಳಿದ್ರೆ ಏನ್ ತಲೆ ತಗೀತಾರಾ?"

ಕೇಳಿದರೆ ಹೇಳಿಬಿಟ್ಟರೆ? ಅದಕ್ಕೇ ಹೆದರಿಕೆ.

30 ಮೇ, ಮಂಗಳವಾರ

ತಮ್ಮ ಪುಟ್ಟರಾಜುವಿನ ಕಾರ್ಡು ಬಂತು. "ಬಾವನವರಿಗೆ ನಮಸ್ಕಾರ. ಬಿತ್ತನೆ ಮುಗಿಸಿ ಬರುವ ಭಾನುವಾರ ನಾಲ್ಕನೇ ತಾರೀಖು ಗಾಡಿ ಹೂಡಿಕೊಂಡು ಬರುತ್ತೇನೆ. ಅಕ್ಕನ ಸಾಮಾನು ಎಷ್ಟಿದೆ?"

ಸಾಮಾನು ಎಷ್ಟಿದೆ ಅಂತೆ. ಎಲ್ಲ ಒಯ್ಯಿ ಅಂದಿದ್ದಾರೋ ಇವರು? ಹೆದರೋರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಕಾರ್ಡನ್ನು ಹತ್ತು ಸಲ ಓದಿದೆ. ನನ್ನ ತಟ್ಟೆ, ಎರಡು ಚೊಂಬು, ಐದು ಸೀರೆ. ಗಂಟು ಕಟ್ಟಿದೆ. ಬಿಚ್ಚಿದೆ. ಮತ್ತೆ ಕಟ್ಟಿದೆ.

1 ಜೂನ್, ಗುರುವಾರ

ಅತ್ತೆ ಬಂದರು. ಬೆಸಗರಹಳ್ಳಿಯಿಂದ ಬಸ್ಸು, ತಲೆ ಮೇಲೆ ಹುರುಳಿ ಗಂಟು. ಅತ್ತೆ ಮಲ್ಲಿಗಮ್ಮ ಅಂದರೆ ಬೆಸಗರಹಳ್ಳಿಯಲ್ಲಿ ಶ್ಯಾನುಭೋಗರೂ ಎದ್ದು ನಿಲ್ಲುತ್ತಾರೆ. ಹೊಸಿಲು ದಾಟಿ ಒಂದು ಕಾಲು ಇಟ್ಟವರು ಅಲ್ಲೇ ನಿಂತರು. ಮಗನ ಗಡ್ಡ ನೋಡಿದರು. ಚಾಪೆ ನೋಡಿದರು. ಅಡಿಗೆಮನೆಗೆ ಬಂದು ಸಾರಿನ ಪಾತ್ರೆ ಮುಚ್ಚಳ ತೆಗೆದು ಮೂಸಿದರು. ತಿರುಗಿ ಹೋಗಿ ಎದೆ ಬಡಿದುಕೊಂಡರು.

"ಯಾರ್ ಸತ್ರು ಅಂತ ಸೂತಕ ಇಡ್ದು ಕುಂತಿದ್ದೀಯಲಾ? ನಿಮ್ಮಪ್ಪ ಬಂಡೆ ಅಂಗವ್ನೆ. ನಾನು ನಿನ್ನೆದ್ರುಗೇ ನಿಂತಿವ್ನಿ. ಎತ್ತೋರು ಬದ್ಕಿರೋವಾಗ್ಲೇ ಗಡ್ಡ ಬುಡ್ತೀಯಾ?"

"ಯಾರೂ ಇಲ್ಲ ಕಣವ್ವ. ಮುಖದಲ್ಲಿ ಗುಳ್ಳೆ ಎದ್ದವೆ. ಕತ್ತಿ ಆಡ್ಸಕ್ಕಾಗಲ್ಲ."

"ಗುಳ್ಳೆ ಎದ್ರೆ ಒಗ್ಗರಣೆ ಬುಡ್ತಾರಾ?"

ಸೂತಕ!

ನಾನೆಂಥ ದಡ್ಡಿ. ನಮ್ಮಜ್ಜ ಸತ್ತಾಗ ಇದನ್ನೆಲ್ಲ ಕಣ್ಣಾರೆ ಕಂಡವಳು. ಸುದ್ದಿ ಕಿವಿಗೆ ಬಿದ್ದ ಕೂಡಲೇ ಉಟ್ಟ ಬಟ್ಟೆಯಲ್ಲಿ ತಲೆಗೆ ನೀರು. ಚಾಪೆ. ಒಂದು ಹೊತ್ತು. ಹನ್ನೊಂದು ದಿನ ಒಲೆ ಮೇಲೆ ಎಣ್ಣೆ ಬಾಂಡ್ಲಿ ಇಲ್ಲ. ಎಲ್ಲ ಕಣ್ಣ ಮುಂದೆಯೇ ಇತ್ತು. ನಾನು ನನ್ನನ್ನೇ ನೋಡಿಕೊಳ್ಳುತ್ತ ಕೂತಿದ್ದೆ, ಇವರನ್ನು ನೋಡಲಿಲ್ಲ.

ಸತ್ತದ್ದು ಅಗ್ನೆಸ್. ಅವಳ ಸಾವಿನ ಕಾಗದ ಜೇಬಿನಲ್ಲಿಟ್ಟುಕೊಂಡು ಬಂದವರ ಮುಂದೆ ನಾನು ಅವಳ ಡೋನಟ್ ಕರಿಯುತ್ತ ಹೂ ಮುಡಿದು ನಿಂತಿದ್ದೆ.

ಅಯ್ಯೋ. ಅಯ್ಯೋ.

2 ಜೂನ್, ಶುಕ್ರವಾರ

ಪಾಪ ಅನ್ನಿಸಬೇಕು. ಅನ್ನಿಸುತ್ತಿಲ್ಲ. ಬರೆದುಬಿಡುತ್ತೇನೆ, ಯಾರು ಓದುತ್ತಾರೆ — ಅವಳು ಸತ್ತದ್ದಕ್ಕಿಂತ ಇವರು ಸೂತಕ ಹಿಡಿದದ್ದು ನನಗೆ ಹೆಚ್ಚು ನೋವು. ಬೇರೆಯವರಿಗೆ ಯಾರು ಹನ್ನೊಂದು ದಿನ ಹಿಡಿಯುತ್ತಾರೆ? ತಾಯಿಗೆ ಹಿಡಿಯುತ್ತಾರೆ. ಹೆಂಡತಿಗೆ ಹಿಡಿಯುತ್ತಾರೆ. ತಾಯಿ ಇಲ್ಲೇ ಹುರುಳಿ ಹಸನು ಮಾಡುತ್ತಿದ್ದಾರೆ.

ಬೆರಳು ಮಡಿಸಿ ಎಣಿಸಿದೆ. ಇಪ್ಪತ್ತೈದಕ್ಕೆ ಒಂದು, ನಾಲ್ಕಕ್ಕೆ ಹನ್ನೊಂದು. ಅವಳ ತಿಥಿಯ ದಿನವೇ ನನ್ನ ಗಾಡಿ.

ಅತ್ತೆ ದಿನವಿಡೀ ಮಗನ ಹಿಂದೆ ಬಿದ್ದಿದ್ದರು. "ಮನೆದೇವ್ರ ಮ್ಯಾಲೆ ಆಣೆ ಮಾಡ್ಲಾ, ಯಾರೂ ಇಲ್ಲ ಅಂತ." ಇವರು ಆಣೆ ಮಾಡಲಿಲ್ಲ. ಕೊನೆಗೆ ಅತ್ತೆ ನನ್ನ ಕಡೆ ತಿರುಗಿದರು. "ನಿಂಗ್ ಗೊತ್ತಾ?" ಇಲ್ಲ ಅಂದೆ. ಸುಳ್ಳು. ಕಾರ್ಡಿನ ಮಾತು ನಾಲಿಗೆ ತುದಿಗೆ ಬಂದಿತ್ತು. ಒಂದು ಮಾತು ಆಡಿದ್ದರೆ ಅತ್ತೆ ನನ್ನ ಪಕ್ಷ. ಇವರ ಮುಖ ನೋಡಿ ನುಂಗಿದೆ. ಯಾಕೆ ನುಂಗಿದೆ ಅಂತ ನನಗೇ ಗೊತ್ತಿಲ್ಲ.

ಇವರು ಸುಳ್ಳು ಕೇಳಿಸಿಕೊಂಡರು. ತಲೆ ಎತ್ತಿ ನನ್ನನ್ನೇ ನೋಡಿದರು, ಬಹಳ ಹೊತ್ತು.

3 ಜೂನ್, ಶನಿವಾರ, ಮಧ್ಯಾಹ್ನ

ಕೇಳಿದೆ.

ಬೆಳಿಗ್ಗೆ, ಬಾವಿಕಟ್ಟೆಯ ಹತ್ತಿರ. ಹಗ್ಗ ಕೈಯಲ್ಲೇ ಇತ್ತು. "ಅಗ್ನೆಸ್ ನಿಮಗೇನಾಗಬೇಕು?"

ಇವರು ಬೆಚ್ಚಿದರು. ಕಾರ್ಡು ಕದ್ದದ್ದು, ಸಾಬರು ಓದಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಬೈಯುತ್ತಾರೆ ಅಂತ ಕಾದೆ. ಒಳಗೆ ಹೋದರು. ಒಂದು ಫೋಟೊ ತಂದು ನನ್ನ ಕೈಗಿಟ್ಟರು.

ಮುದುಕಿ. ಬೆಳ್ಳಿ ಕೂದಲು, ಕನ್ನಡಕ, ದಪ್ಪ ಸೊಂಟಕ್ಕೆ ಅಡಿಗೆಯ ಬಟ್ಟೆ. ನಮ್ಮಜ್ಜಿ ವಯಸ್ಸು. ಕೈಯಲ್ಲಿ ಒಂದು ತಟ್ಟೆ.

ಇವರಿಗೆ ಇಷ್ಟೊಂದು ಮಾತು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಲ್ಲಿ ಮೈಬಣ್ಣ ನೋಡಿ ಯಾರೂ ರೂಮು ಕೊಡಲಿಲ್ಲವಂತೆ. ಹದಿನಾರು ಬಾಗಿಲು ತಟ್ಟಿದರಂತೆ. ಹದಿನೇಳನೆಯದು ಇವಳದು. ಅವಳ ಮನೆಯಲ್ಲಿದ್ದ ಬೇರೆ ಬಾಡಿಗೆಯವರು, ಇವನು ನಮ್ಮ ಜೊತೆ ಮೇಜಿಗೆ ಕೂರಕೂಡದು ಅಂದರಂತೆ. "ಹಾಗಾದರೆ ನಾನು ಇವನ ಜೊತೆ ಅಡಿಗೆಮನೇಲಿ ಕೂರ್ತೀನಿ ಅಂದ್ಲು. ಮೂರು ವರ್ಷ ಕೂತಳು. ಟೈಫಾಯಿಡ್ ಬಂದಾಗ ನಲವತ್ತು ದಿನ ನನ್ನ ಹಾಸಿಗೆ ಒಗೆದಳು. ಹೊರಡೋ ದಿನ ಆ ಕಾರ್ಡು ಬರೆದುಕೊಟ್ಟಳು — ನಿನ್ನ ಹೆಂಡತಿ ಮಾಡಲಿ ಅಂತ."

ನನಗೆ ಬರೆದದ್ದು! ನಾನು ಕದ್ದದ್ದು ನನ್ನದೇ ಕಾರ್ಡು.

"ಮತ್ತೆ ಯಾಕೆ ಕೊಡಲಿಲ್ಲ?"

"ಮೊಟ್ಟೆ, ಮೈದಾ, ಏನೇನೋ... ನಕ್ಕುಬಿಡ್ತೀಯ ಅಂತ. ನನಗೆ ನಿನ್ನ ಹತ್ತಿರ ಮಾತಾಡೋಕೆ ಹೆದರಿಕೆ."

ಇವರಿಗೆ ನನ್ನ ಹೆದರಿಕೆಯಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳಿಗೆ ಮಕ್ಕಳಿಲ್ಲ, ಯಾರೂ ಇಲ್ಲ, ಪಕ್ಕದ ಮನೆಯವರು ಕಾಗದ ಬರೆದದ್ದು. ಯಾರಾದರೂ ಒಬ್ಬರು ಹಿಡಿಯಬೇಕಲ್ಲ, ಅದಕ್ಕೆ ಹಿಡಿದೆ ಅಂದರು. ಅವ್ವನಿಗೆ ಹೇಳಲಾರೆ ಅಂದರು. ಹೆತ್ತವಳು ಬದುಕಿರುವಾಗ ಇನ್ನೊಬ್ಬಳನ್ನು ತಾಯಿ ಅಂತ ಹಿಡಿದರೆ ಹೆತ್ತವಳಿಗೆ ಕೇಡು ಅನ್ನುತ್ತಾರೆ.

ಆಗ ಹಿಂದೆ ಮೊರದ ಸದ್ದು. ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಫೋಟೊ ನನ್ನ ಕೈಯಿಂದ ಕಿತ್ತುಕೊಂಡರು. ನೋಡಿದರು. ಮೊರ ಅಲ್ಲೇ ಎಸೆದು, ಫೋಟೊ ಹಿಡಿದುಕೊಂಡೇ ಬೇಲಿ ದಾಟಿ ಹೋದರು. ಈಗ ಎರಡು ಗಂಟೆ. ಇನ್ನೂ ಬಂದಿಲ್ಲ. ಬಸ್ಸು ಹತ್ತಿಬಿಟ್ಟರೋ? ಫೋಟೊ ಹರಿದುಬಿಟ್ಟರೋ? ಇವರು ಗೇಟಿನ ಹತ್ತಿರ ನಿಂತಿದ್ದಾರೆ.

ಅದೇ ದಿನ, ಐದು ಗಂಟೆ

ಬಂದರು. ಹುಣಸೆಮರದ ಕೆಳಗೆ ಕೂತಿದ್ದರಂತೆ. ಕಣ್ಣು ಊದಿದೆ. ಫೋಟೊ ಸೆರಗಿನಲ್ಲಿ ಸುತ್ತಿದೆ.

ಮಗನನ್ನು ಕೇಳಿದರು. "ಟೈಪಾಯ್ಡು ಬಂದಿದ್ದು ನಂಗ್ಯಾಕ್ ಬರೀಲಿಲ್ಲ?"

"ಹೆದರ್ಕೊತೀಯ ಅಂತ."

"ನಲ್ವತ್ತು ದಿನ ನನ್ ಮಗ ಸಾಯೋಂಗ್ ಮಲ್ಗಿದ್ರೆ ನಾನಿಲ್ಲಿ ಮುದ್ದೆ ತಿಂತಾ ಕುಂತಿದ್ನಾ?" ಮೂಗು ಒರೆಸಿಕೊಂಡರು. ಆಮೇಲೆ ಪಂಚಾಯ್ತಿ ತೀರ್ಪು ಕೊಡುವ ಗೌಡರ ಗತ್ತಿನಲ್ಲಿ ಅಂದರು: "ಎತ್ತವಳು ಬದ್ಕಿರೋವಾಗ ಮಗ ತಿಥಿ ಮಾಡಂಗಿಲ್ಲ. ಮಾಡಂಗಿಲ್ಲ ಅಂದ್ರೆ ಮಾಡಂಗಿಲ್ಲ. ಆದ್ರೆ ಎಡೆ ಯಾರ್ ಬೇಕಾದ್ರೂ ಇಕ್ಬೋದು. ನಾನೇ ಇಕ್ತೀನಿ. ನನ್ ಮಗುಂಗೆ ಉಣ್ಣಕ್ಕಿಕ್ದವಳ್ಗೆ ನಾನ್ ಇಕ್ದಿದ್ರೆ ಇನ್ಯಾರ್ ಇಕ್ಕಾರು?"

ನನ್ನ ಕಡೆ ತಿರುಗಿದರು. "ಆಯಮ್ಮಂಗೆ ಏನಿಷ್ಟ? ಅದನ್ನ ಮಾಡು ನಾಳೆ."

ಇಷ್ಟೆಲ್ಲ ಆಯಿತು. ಗಾಡಿಯ ಮಾತು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸತ್ತವಳ ಸಂಕಟ ತೀರಿತು. ನನ್ನದು ಹಾಗೇ ಇದೆ. ಕಟ್ಟಿದ ಗಂಟು ಮೂಲೆಯಲ್ಲಿ ಕೂತಿದೆ.

4 ಜೂನ್, ಭಾನುವಾರ

ಆರು ಗಂಟೆಗೇ ಕ್ಷೌರದ ಮರಿಸಿದ್ದಯ್ಯ ಬಂದು ಹೋದ. ಇವರು ಸ್ನಾನ ಮಾಡಿ ಒಗೆದ ಪಂಚೆ ಉಟ್ಟರು. ಗಡ್ಡ ಹೋದ ಮುಖ ಹುಡುಗನ ಮುಖ.

ಅತ್ತೆಯೇ ಬಾಂಡ್ಲಿ ಒಲೆ ಮೇಲೆ ಇಟ್ಟರು. ನಾನು ಹಿಟ್ಟು ಕಲೆಸುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಇದೇನು, ಮುಟ್ದಂಗೆ ಮುಟ್ತೀಯಾ? ನಾದೇ."

"ನಾದಂಗಿಲ್ಲ ಅತ್ತೆ."

"ಊಂ. ಆಯಮ್ಮ ಯೋಳಿದ್ಮ್ಯಾಕೆ ಮುಗೀತು ಬುಡು."

ಇಪ್ಪತ್ತು ಆದವು. ಒಂದೂ ಒಡೆಯಲಿಲ್ಲ.

ಒಂಬತ್ತಕ್ಕೆ ಪುಟ್ಟರಾಜುವಿನ ಗಾಡಿ. ಇಳಿದವನೇ "ಗಂಟೆಲ್ಲಕ್ಕ?" ಅಂದ. ಇವರ ಮುಖ ನೋಡಿದೆ. ಇವರು ಬಾಳೆಎಲೆ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. ಪುಟ್ಟರಾಜು ತಾನೇ ಒಳಗೆ ಹೋಗಿ ಗಂಟು ತಂದು ಗಾಡಿಗೆ ಹಾಕಿದ. ಎತ್ತು ಬಿಚ್ಚಲಿಲ್ಲ. ಬಿಸಿಲೇರೋದ್ರೊಳಗೆ ಹೊರಡಬೇಕು ಅಂದ.

ನಡುಮನೆಯ ಗೋಡೆಗೆ ಫೋಟೊ ಒರಗಿಸಿ ಎಲೆ ಹಾಕಿದೆವು. ಅತ್ತೆ ಕುಂಕುಮದ ಬಟ್ಟಲು ಹಿಡಿದು ನಿಂತರು. "ಮುತ್ತೈದೆಯಾ ಆಯಮ್ಮ?"

"ಗಂಡ ಮೊದಲೇ ಹೋಗಿದ್ದ ಕಣವ್ವ."

ಅತ್ತೆ ಕುಂಕುಮ ಕೆಳಗಿಟ್ಟು, ಹೂವು ಮಾತ್ರ ಇಟ್ಟರು. ಎಲೆ ತುಂಬ ಡೋನಟ್, ಪಕ್ಕದಲ್ಲಿ ಹಾಲಿಲ್ಲದ ಕಾಫಿ — ಅವಳು ಹಾಗೇ ಕುಡಿಯುತ್ತಿದ್ದಳಂತೆ. ಒಂದು ಮುದ್ದೆಯನ್ನೂ ಇಟ್ಟರು. "ಪರದೇಸದವಳಾದ್ರೇನು, ನಮ್ಮನೆಗ್ ಬಂದ್ಮ್ಯಾಕೆ ಮುದ್ದೆ ಇಕ್ದೆ ಕಳ್ಸಾಕಾಯ್ತದಾ?"

ಧೂಪ ಹಾಕಿ ಕೈ ಮುಗಿದು ಅಂದರು, "ತಾಯಿ, ಬಾರವ್ವ, ಉಣ್ಣು." ಆಮೇಲೆ ಮಗನನ್ನು ಮೊಣಕೈಯಿಂದ ತಿವಿದರು. "ನೀನ್ ಕರಿ ಮಗ. ಕನ್ನಡ ಎಲ್ಲಿ ಬಂದದು ಪಾಪ. ಅವಳ ಮಾತ್ನಾಗೇ ಕರಿ."

ಇವರು ಮಂಡಿಯೂರಿ ಕೂತರು. ಇಂಗ್ಲಿಷಿನಲ್ಲಿ ಶುರು ಮಾಡಿದರು. ಮೆಲ್ಲಗೆ, ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡುವ ಹಾಗೆ. ನಡುವೆ ಒಂದು ಸಲ ನಕ್ಕರು ಕೂಡ. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದೆ, ಗಾಡಿಯ ಕಡೆ ಕಿವಿ. ಇವರು ಹಿಂದಕ್ಕೆ ಕೈ ಚಾಚಿದರು. ತಡಕಾಡಿ ನನ್ನ ಕೈ ಹಿಡಿದರು. ಅತ್ತೆಯ ಮುಂದೆ, ತಮ್ಮನ ಮುಂದೆ! ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಫೋಟೊದ ಕಡೆ ನೋಡಿ ಹೇಳಿದರು —

"ಮೈ ವೈಫ್. ಹೊಂಬಾಳಮ್ಮ."

ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

ಇವರ ಬಾಯಲ್ಲಿ ನನ್ನ ಹೆಸರು ಇವತ್ತೇ ಮೊದಲು ಕೇಳಿದ್ದು.

ಈಗ ಎಲ್ಲರೂ ಹೊರಗಿದ್ದೇವೆ. ಬಾಗಿಲು ಹಾಕಿದೆ. ಎಡೆ ಇಟ್ಟ ಮೇಲೆ ಸತ್ತವರು ನಾಚಿಕೆಯಿಲ್ಲದೆ ಉಣ್ಣಲಿ ಅಂತ ಒಂದಿಷ್ಟು ಹೊತ್ತು ಹೊರಗೆ ಕೂರಬೇಕು. ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ, ಎಲ್ಲರ ಎದುರಿಗೇ. ಇವರು ಪಕ್ಕದಲ್ಲಿದ್ದಾರೆ. ಪುಸ್ತಕ ನೋಡಿದರು, ಎ ಬಿ ಸಿ ಡಿ ಎಲ್ಲಿ ಅಂತ ಕೇಳಲಿಲ್ಲ. ಬೇಲಿಯಾಚೆ ಸಾಬರು ಮತ್ತು ಸುಲ್ತಾನ್ ಬೀ, ತಮ್ಮ ಪಾಲಿಗೆ ಕಾಯುತ್ತ.

ಪುಟ್ಟರಾಜುವಿಗೆ ತಾಳ್ಮೆ ಕೆಟ್ಟಿತು. "ವೊತ್ತಾಯ್ತು ಕಣಕ್ಕ. ಗಾಡಿ ಅತ್ತೀಯೋ, ಎತ್ತು ಬಿಚ್ಲೋ?"

ಇವರು ಬಾಯಿ ತೆರೆದರು. ಅದಕ್ಕಿಂತ ಮೊದಲು ನಾನೇ ಅಂದೆ, "ಬಿಚ್ಚು." ಎಷ್ಟು ಜೋರಾಗಿ ಅಂದೆನೋ, ಬೇಲಿಯಾಚೆ ಸುಲ್ತಾನ್ ಬೀ ನಕ್ಕುಬಿಟ್ಟಳು. ಇವರು ಎದ್ದು ಹೋಗಿ ಗಾಡಿಯಿಂದ ನನ್ನ ಗಂಟು ಇಳಿಸಿದರು. "ನಾನು ಅಳೋದು ನಿನಗೆ ಕಾಣಬಾರದು ಅಂತ ಕಳಿಸೋಕೆ ಹೊರಟಿದ್ದೆ" ಅಂದರು.

ಅತ್ತೆ ಕರೆಯುತ್ತಿದ್ದಾರೆ. ಉಂಡಾಯ್ತು ಆಯಮ್ಮಂದು, ಬಾಗಿಲು ತಟ್ಟಿ, ಇಬ್ಬರೂ ಬನ್ನಿ ಅಂತ. ಇವರು ಗಂಟು ಬಗಲಲ್ಲಿ ಇಟ್ಟುಕೊಂಡೇ ಬಾಗಿಲ ಹತ್ತಿರ ನಿಂತು ನನ್ನನ್ನು ಕರೆಯುತ್ತಿದ್ದಾರೆ, ಹೆಸರು ಹಿಡಿದು.